ಸರಳೆ ವರಸೆಗೂ ಮ್ಯಾಥ್ಸ್ ಮಾರ್ಕ್ಸಿಗೂ ಗಂಟು ಹಾಕಬೇಡಿ

ಸಂಪಾದಕರಿಗೆ ನಮಸ್ಕಾರ.

ಸಂಗೀತ ಕಲಿತ ಮಕ್ಕಳ ಬುದ್ಧಿ ಚುರುಕಾಗುತ್ತದೆ, ಮಾರ್ಕ್ಸ್ ಜಾಸ್ತಿ ಬರುತ್ತದೆ ಅಂತ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ನಾನು ಮೈಸೂರಿನಲ್ಲಿ ನಮ್ಮ ಮನೆ ಹಜಾರದಲ್ಲೇ 22 ವರ್ಷದಿಂದ ಮಕ್ಕಳಿಗೆ ಕರ್ನಾಟಕ ಸಂಗೀತದ ಪಾಠ, ಸರಳೆ ವರಸೆ ಅನ್ನುವ ಮೊದಲ ಸ್ವರಪಾಠದಿಂದ ಶುರುಮಾಡಿ, ಹೇಳುತ್ತಿದ್ದೇನೆ. ಲೇಖನ ಬಂದ ಮಾರನೇ ದಿನವೇ ಹೊಸದಾಗಿ ಸೇರಿಸುವುದಕ್ಕೆ ಮೂರು ಜನ ಫೋನ್ ಮಾಡಿದರು. ಅಂದರೆ ಲಾಭ ಆಗಿದ್ದು ನನಗೇ. ಆದರೂ ಸುಮ್ಮನಿರಲು ಆಗಲಿಲ್ಲ.

ಆ ಮೂರರಲ್ಲಿ ಒಂದು ಫೋನಿನ ಮಾತು ಕೇಳಿ. ಒಬ್ಬರು ತಂದೆ, ಮಗನಿಗೆ ಏಳು ವರ್ಷವಂತೆ.

"ಮಿಸ್, ಎಷ್ಟು ತಿಂಗಳಲ್ಲಿ ರಿಸಲ್ಟ್ ಕಾಣುತ್ತೆ?"

"ಯಾವ ರಿಸಲ್ಟು?"

"ಅದೇ, ಕಾನ್ಸಂಟ್ರೇಷನ್ನು, ಮೆಮೊರಿ. ಮ್ಯಾಥ್ಸಲ್ಲಿ ಸ್ವಲ್ಪ ವೀಕು."

"ಹಾಡೋದು ಅಂದ್ರೆ ಇಷ್ಟಾನಾ ಅವನಿಗೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಗೊತ್ತಿಲ್ಲ ಮಿಸ್, ಕೇಳಿಲ್ಲ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಮಗನಿಗೆ ಒಳ್ಳೆಯದಾಗಲಿ ಅಂತಲೇ ಕೇಳಿದ್ದು. ಆದರೆ ಹಾಡಿನ ಕ್ಲಾಸಿಗೆ ಬರುವ ಮಗುವಿಗೆ ಹಾಡು ಇಷ್ಟವೋ ಇಲ್ಲವೋ ಅಂತ ಯಾರೂ ಕೇಳದೇ ಇರುವ ಹಾಗೆ ಮಾಡಿಟ್ಟಿರುವುದು ಇಂಥ ಲೇಖನಗಳೇ. ನಮ್ಮ ಏರಿಯಾದಲ್ಲೇ ಒಂದು ಕಡೆ ಅಬ್ಯಾಕಸ್ ಜೊತೆ ಕೀಬೋರ್ಡ್ ಸೇರಿಸಿ ಬ್ರೈನ್ ಪವರ್ ಪ್ಯಾಕೇಜ್ ಅಂತ ಬೋರ್ಡ್ ಹಾಕಿದ್ದಾರೆ. ನನ್ನ ಅಣ್ಣನ ಮಗಳು ಬಸುರಿಯಾಗಿದ್ದಾಗ ಹೊಟ್ಟೆ ಮೇಲೆ ಹೆಡ್‌ಫೋನ್ ಇಟ್ಟುಕೊಂಡು ದಿನಾ ಅರ್ಧ ಗಂಟೆ ಮಲಗುತ್ತಿದ್ದಳು. ಹುಟ್ಟಿದ ಮಗು ಈಗ ಮೂರು ವರ್ಷದ್ದು, ಮುದ್ದಾಗಿದೆ, ಹಾಡು ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತದೆ.

ಈ ಕಥೆ ಶುರುವಾಗಿದ್ದು ಎಲ್ಲಿ ಗೊತ್ತಾ? ನನ್ನ ಮಗಳು ಸೈಕಾಲಜಿ ಓದುವಾಗ ಮನೆಗೆ ತಂದು ಹರಡಿಕೊಳ್ಳುತ್ತಿದ್ದ ಕಾಗದಗಳಿಂದ ನನಗೆ ತಿಳಿದದ್ದು ಇದು. 1993ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಮೂವರು ಸಂಶೋಧಕರು 36 ಕಾಲೇಜು ಹುಡುಗ ಹುಡುಗಿಯರನ್ನು ಕೂರಿಸಿ, ಪಾಶ್ಚಾತ್ಯ ಸಂಗೀತದ ಮೊಜಾರ್ಟ್ ಎರಡು ಪಿಯಾನೋಗಳಿಗೆ ಬರೆದ ಸೊನಾಟಾ ಅನ್ನುವ ಒಂದು ರಚನೆಯನ್ನು ಹತ್ತು ನಿಮಿಷ ಕೇಳಿಸಿದರು. ಆಮೇಲೆ ಕಾಗದ ಮಡಿಸಿ ಕತ್ತರಿಸಿದರೆ ಬಿಚ್ಚಿದಾಗ ಹೇಗೆ ಕಾಣುತ್ತದೆ ಅಂತ ಊಹಿಸುವ ಥರದ ಪರೀಕ್ಷೆ ಕೊಟ್ಟರು. ಸುಮ್ಮನೆ ಕೂತು ಬಂದಾಗ ಅಥವಾ ಮೈ ಸಡಿಲ ಬಿಡಿ ಅನ್ನುವ ಟೇಪ್ ಕೇಳಿ ಬಂದಾಗ ಸಿಕ್ಕಿದ್ದಕ್ಕಿಂತ ಎಂಟೊಂಬತ್ತು ಅಂಕ ಜಾಸ್ತಿ ಬಂತು. ಈ ಹೆಚ್ಚಳ ಉಳಿದಿದ್ದು ಎಷ್ಟು ಹೊತ್ತು? ಹತ್ತು ಹದಿನೈದು ನಿಮಿಷ. ಅಷ್ಟೇ. ನೋಡಿ, ಅದರಲ್ಲಿ ಮಕ್ಕಳೇ ಇರಲಿಲ್ಲ. ಯಾರೂ ಸಂಗೀತ ಕಲಿಯಲಿಲ್ಲ, ಬರೀ ಕೇಳಿದರು. ಆದರೆ ಐದು ವರ್ಷ ಕಳೆಯುವಷ್ಟರಲ್ಲಿ, 1998ರಲ್ಲಿ, ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್ ಅನ್ನುವವರು ಹುಟ್ಟಿದ ಮಗುವಿಗೆಲ್ಲ ಸಂಗೀತದ ಒಂದು ಕ್ಯಾಸೆಟ್ಟೋ ಸಿಡಿಯೋ ಕೊಡೋಣ ಅಂತ ಬಜೆಟ್ಟಿನಲ್ಲಿ 1,05,000 ಡಾಲರ್ ಕೇಳಿದರು!

ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದರೆ ಸರಿಯಾಗಿ ಬರಲೇ ಇಲ್ಲ. ಕೆನಡಾದಲ್ಲಿ ಒಬ್ಬರು ಇನ್ನೂ ಒಂದು ಚಂದದ ಕೆಲಸ ಮಾಡಿದರು. ಮೊಜಾರ್ಟ್ ಬದಲಿಗೆ ಒಂದು ಕಥೆ ಕೇಳಿಸಿದರು. ಕಥೆ ಇಷ್ಟಪಟ್ಟವರಿಗೆ ಕಥೆ ಕೇಳಿದ ಮೇಲೆ ಪರೀಕ್ಷೆ ಚೆನ್ನಾಗಿ ಆಯಿತು, ಸಂಗೀತ ಇಷ್ಟಪಟ್ಟವರಿಗೆ ಸಂಗೀತ ಕೇಳಿದ ಮೇಲೆ. ಮನಸ್ಸು ಖುಷಿಯಾಗಿದ್ದರೆ, ಮೈಯಲ್ಲಿ ಚುರುಕಿದ್ದರೆ, ಸ್ವಲ್ಪ ಹೊತ್ತು ಕೆಲಸ ಚೆನ್ನಾಗಿ ಆಗುತ್ತದೆ. ಬೆಳಗ್ಗೆ ಒಂದು ಲೋಟ ಕಾಫಿ ಕುಡಿದವರಿಗೆಲ್ಲ ಗೊತ್ತಿರುವ ವಿಷಯ ಅಲ್ವಾ?

ಕೇಳುವುದು ಬೇರೆ, ಕಲಿಯುವುದು ಬೇರೆ ಅಂತ ನೀವು ಹೇಳಬಹುದು. ಒಪ್ಪಿದೆ. ಅದಕ್ಕೇ ಅದೇ ಕೆನಡಾದ ಪ್ರೊಫೆಸರ್ ಗ್ಲೆನ್ ಶೆಲೆನ್‌ಬರ್ಗ್ ಅವರು 2004ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಬರುತ್ತೇನೆ. ಸಂಗೀತದ ಪರವಾಗಿ ಎಲ್ಲರೂ ಎತ್ತಿ ಹಿಡಿಯುವುದು ಇದನ್ನೇ. ಟೊರಾಂಟೊದಲ್ಲಿ ಆರು ವರ್ಷದ 144 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಕೀಬೋರ್ಡ್, ಒಂದಕ್ಕೆ ಹಾಡು, ಒಂದಕ್ಕೆ ನಾಟಕ, ಇನ್ನೊಂದಕ್ಕೆ ಆ ವರ್ಷ ಏನೂ ಇಲ್ಲ. 36 ವಾರದ ಪಾಠ. ಕೊನೆಗೆ ಐಕ್ಯೂ, ಅಂದರೆ ಬುದ್ಧಿಯ ಅಂಕ, ಅಳೆದರೆ ಸಂಗೀತದ ಮಕ್ಕಳಿಗೆ ಸರಾಸರಿ 7 ಅಂಕ ಏರಿತ್ತು.

ಲೇಖನಗಳಲ್ಲಿ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ಉಳಿದ ಮಕ್ಕಳಿಗೂ 4.3 ಏರಿತ್ತು ಅನ್ನುವುದನ್ನು ಹೇಳುವುದಿಲ್ಲ. ಒಂದನೇ ಕ್ಲಾಸಿಗೆ ಹೋಗುವುದಕ್ಕೆ ಶುರು ಮಾಡಿದರೆ ಯಾವ ಮಗುವಾದರೂ ಸ್ವಲ್ಪ ಏರುತ್ತದೆ. ಸಂಗೀತದ ಪಾಲಿಗೆ ಬಂದಿದ್ದು ಮೂರು ಅಂಕಕ್ಕಿಂತ ಕಡಿಮೆ. ಇಲ್ಲ ಅನ್ನುವ ಹಾಗಿಲ್ಲ, ಇದೆ. ಆದರೆ ಮೂರು ಅಂಕ! ಇನ್ನೂ ಒಂದು ವಿಷಯ. ಬೇರೆಯವರ ಜೊತೆ ಹೊಂದಿಕೊಂಡು ಹೋಗುವ ಗುಣ ಸುಧಾರಿಸಿದ್ದು ನಾಟಕದ ಮಕ್ಕಳಲ್ಲಿ, ಸಂಗೀತದವರಲ್ಲಿ ಅಲ್ಲ. ನಾಟಕದ ಮೇಷ್ಟ್ರುಗಳು ಯಾಕೆ ಸುಮ್ಮನಿದ್ದಾರೋ ಗೊತ್ತಿಲ್ಲ.

2020ರಲ್ಲಿ ಇಂಥ 54 ಅಧ್ಯಯನಗಳನ್ನು, ಒಟ್ಟು 6,984 ಮಕ್ಕಳ ಲೆಕ್ಕವನ್ನು, ಒಟ್ಟಿಗೆ ಹಾಕಿ ನೋಡಿದವರು ಸಾಲಾ ಮತ್ತು ಗೋಬೆ ಅಂತ ಇಬ್ಬರು. ಅಧ್ಯಯನ ಅಚ್ಚುಕಟ್ಟಾಗಿದ್ದಷ್ಟೂ ಲಾಭ ಸೊನ್ನೆಗೆ ಹತ್ತಿರ ಹೋಗುತ್ತದೆ ಅಂದರು ಅವರು. ಇದೇ ಲೆಕ್ಕವನ್ನು ಮತ್ತೆ ಬಿಡಿಸಿ, ಇಲ್ಲ ಇಲ್ಲ ಸ್ವಲ್ಪ ಲಾಭ ಉಂಟು ಅಂದವರೂ ಇದ್ದಾರೆ. ಜಗಳ ಇನ್ನೂ ಮುಗಿದಿಲ್ಲ. ಸ್ವಲ್ಪವೋ ಸೊನ್ನೆಯೋ ಅನ್ನುವುದರ ಬಗ್ಗೆ ಜಗಳ ಸ್ವಾಮಿ, ಜಾಸ್ತಿಯೋ ಬಹಳ ಜಾಸ್ತಿಯೋ ಅಂತ ಅಲ್ಲ.

ಹಾಗಾದರೆ ಸಂಗೀತ ಕಲಿಯುವ ಮಕ್ಕಳು ಓದಿನಲ್ಲೂ ಮುಂದಿರುವುದು ಸುಳ್ಳಾ? ಸುಳ್ಳಲ್ಲ. ನನ್ನ ಕ್ಲಾಸಿನಲ್ಲೇ ನೋಡಿದ್ದೇನೆ. ಏಳೆಂಟು ವರ್ಷ ಬಿಡದೆ ಬಂದ ಮಕ್ಕಳಲ್ಲಿ ಹೆಚ್ಚಿನವರು ಶಾಲೆಯಲ್ಲೂ ಚೆನ್ನಾಗಿಯೇ ಮಾಡಿದವರು. ಆದರೆ ಯಾವುದರಿಂದ ಯಾವುದು ಬಂತು ಅನ್ನುವುದೇ ಪ್ರಶ್ನೆ. ಅದಕ್ಕೆ ನನ್ನ ಕ್ಲಾಸಿನ ಇಬ್ಬರ ಕಥೆ ಹೇಳಬೇಕು. ಹೆಸರು ಬೇಡ.

ಒಬ್ಬ ಹುಡುಗ. ಒಂಬತ್ತನೇ ವಯಸ್ಸಿಗೆ ಬಂದ. ಎಂಥ ಕಿವಿ ಅಂತೀರಿ! ಒಂದು ಸಲ ಹಾಡಿ ತೋರಿಸಿದರೆ ಸಾಕು, ಹಾಗೇ ವಾಪಸ್ ಕೊಡುತ್ತಿದ್ದ. ಸರಳೆ ವರಸೆ ಹದಿನಾಲ್ಕೂ ಒಂದೇ ತಿಂಗಳಲ್ಲಿ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಮುಗಿಸಿದ. ಅದರ ಮುಂದಿನ ಪಾಠ ಜಂಟಿ ವರಸೆಯೂ ಹಾಗೇ ಆಯಿತು. ಮೊದಲ ಹಾಡು, ಪಿಳ್ಳಾರಿ ಗೀತೆಗೆ ಬರುವ ಹೊತ್ತಿಗೆ ಬೇಜಾರು. ಯಾವುದು ಸುಲಭವಾಗಿ ಬರುತ್ತದೋ ಅದು ಅವನಿಗೆ ಒಂದು ವಾರಕ್ಕೆ ಹಳೆಯದು. ಎಂಟು ತಿಂಗಳಿಗೆ ಬಿಟ್ಟ.

ಒಬ್ಬಳು ಹುಡುಗಿ. ಅವನಿಗಿಂತ ಒಂದು ವರ್ಷ ಚಿಕ್ಕವಳು. ಬಂದಾಗ ಶ್ರುತಿಯೇ ನಿಲ್ಲುತ್ತಿರಲಿಲ್ಲ. ಆದಿತಾಳ ಹಾಕುವಾಗ ಒಂದು ಪೆಟ್ಟು ಹಾಕಿ ಕಿರುಬೆರಳು, ಉಂಗುರ ಬೆರಳು, ನಡು ಬೆರಳು ಅಂತ ಎಣಿಸಬೇಕಲ್ಲ, ಇವಳು ತೋರುಬೆರಳಿಗೂ ಹೋಗಿಬಿಡುತ್ತಿದ್ದಳು. ಎಂಟು ಅಕ್ಷರದ, ಅಂದರೆ ಎಂಟು ಎಣಿಕೆಯ, ತಾಳ ಒಂಬತ್ತಾಗುತ್ತಿತ್ತು. ಉಳಿದ ಮಕ್ಕಳು ಕಿಸಕ್ ಅಂತ ನಗುತ್ತಿದ್ದವು. ಆದರೆ ಅವಳು ಮಾಡುತ್ತಿದ್ದ ಒಂದು ಕೆಲಸ ನಾನು ಬೇರೆ ಮಕ್ಕಳಲ್ಲಿ ಅಷ್ಟಾಗಿ ನೋಡಿಲ್ಲ. ತಪ್ಪಿದ ತಕ್ಷಣ ನಿಲ್ಲಿಸುತ್ತಿದ್ದಳು. ನನ್ನ ಮುಖ ನೋಡುತ್ತಿರಲಿಲ್ಲ. ತೊಡೆ ಮೇಲಿನ ತನ್ನ ಕೈಯನ್ನೇ ನೋಡಿಕೊಂಡು, ಸ್ವಲ್ಪ ಹಿಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಎತ್ತಿಕೊಳ್ಳುತ್ತಿದ್ದಳು. ಮಾಯಾಮಾಳವಗೌಳ ರಾಗದ ರಿಷಭ, ಅಂದರೆ ರಿ ಸ್ವರ, ಸಿಗಲಿಲ್ಲವಾ, ಸ ಹಿಡಿದು ಮತ್ತೆ ರಿ. ಸಿಗಲಿಲ್ಲವಾ, ಮತ್ತೆ ಸ. ಬೇಜಾರು ಅನ್ನುವುದೇ ಇಲ್ಲ. ನಾನೇ ಸಾಕು ಬಿಡೇ ಅಂದದ್ದೂ ಇದೆ. ಎಂಟು ವರ್ಷದಿಂದ ಇವತ್ತಿಗೂ ಬರುತ್ತಿದ್ದಾಳೆ. ಶಾಲೆಯಲ್ಲೂ ಈಗ ಮೊದಲ ಐದರಲ್ಲಿ ಇದ್ದಾಳೆ.

ಅವಳ ಅಮ್ಮ ನನಗೆ ಹೇಳುತ್ತಾರೆ, "ನಿಮ್ಮ ಸಂಗೀತದಿಂದಲೇ ಮಿಸ್ ಇವಳು ಇಷ್ಟು ಶಿಸ್ತು ಕಲಿತದ್ದು." ಕೇಳೋದಕ್ಕೆ ಹಿತವಾಗಿರುತ್ತದೆ. ಆದರೆ ನಿಜ ಹೇಳಬೇಕು ಅಂದರೆ ಆ ಶಿಸ್ತನ್ನು ಅವಳು ಬರುವಾಗಲೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಅದೇ ಅವಳನ್ನು ಎಂಟು ವರ್ಷ ಸಂಗೀತದಲ್ಲಿ ಉಳಿಸಿತು, ಅದೇ ಮ್ಯಾಥ್ಸಿನಲ್ಲೂ ದಡ ಸೇರಿಸಿತು. ನಾನು ಕೊಟ್ಟಿದ್ದು ರಿಷಭ.

ಇದು ನನ್ನೊಬ್ಬಳ ಅನಿಸಿಕೆ ಅಂದುಕೊಂಡಿದ್ದೆ. 2013ರಲ್ಲಿ ಅದೇ ಶೆಲೆನ್‌ಬರ್ಗ್ ಮತ್ತು ಅವರ ಜೊತೆಗಾರರು ಹತ್ತರಿಂದ ಹನ್ನೆರಡು ವರ್ಷದ ಮಕ್ಕಳನ್ನೂ ಕಾಲೇಜು ವಿದ್ಯಾರ್ಥಿಗಳನ್ನೂ ಇಟ್ಟುಕೊಂಡು ಇದನ್ನೇ ನೋಡಿದ್ದಾರೆ. ಯಾರು ಎಷ್ಟು ವರ್ಷ ಸಂಗೀತ ಕಲಿತರು ಅನ್ನುವುದಕ್ಕೂ ಅವರ ಸ್ವಭಾವಕ್ಕೂ ಗಟ್ಟಿಯಾದ ನಂಟು ಕಾಣಿಸಿತು, ಬುದ್ಧಿಯ ಅಂಕ, ಮನೆಯ ವರಮಾನ, ಅಪ್ಪ ಅಮ್ಮನ ಓದು ಇವನ್ನೆಲ್ಲ ಕಳೆದ ಮೇಲೂ. ಮುಖ್ಯವಾಗಿ ಎರಡು ಗುಣ. ಒಂದು, ಹೊಸದರ ಕಡೆಗೆ ಮನಸ್ಸು ತೆರೆದುಕೊಂಡಿರುವುದು, ಕಲೆ ಕಲ್ಪನೆ ಅಂದರೆ ಆಸೆ ಪಡುವುದು. ಇನ್ನೊಂದು, ಮಕ್ಕಳ ವಿಷಯದಲ್ಲಿ, ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವ ಗುಣ. ಇಂಥ ಮಕ್ಕಳೇ ಸಂಗೀತದಲ್ಲಿ ಉಳಿದುಕೊಳ್ಳುತ್ತಾರೆ, ಇಂಥ ಮಕ್ಕಳೇ ಓದಿನಲ್ಲೂ ಮುಂದೆ ಹೋಗುತ್ತಾರೆ. ಬ್ಯಾಸ್ಕೆಟ್‌ಬಾಲ್ ಟೀಮಿನಲ್ಲಿ ಇರುವವರೆಲ್ಲ ಎತ್ತರ ಇದ್ದಾರೆ ಅಂತ, ಬ್ಯಾಸ್ಕೆಟ್‌ಬಾಲ್ ಆಡಿದರೆ ಎತ್ತರ ಆಗುತ್ತಾರೆ ಅಂದ ಹಾಗೆ ಆಯಿತು ನಮ್ಮ ವಾದ.

ಎರಡು ವರ್ಷ ಬಿಟ್ಟು ಅವರದ್ದೇ ಇನ್ನೊಂದು ಅಧ್ಯಯನ ಬಂತು. ಮಗು ಎಷ್ಟು ಕಾಲ ಸಂಗೀತ ಕಲಿಯುತ್ತದೆ ಅನ್ನುವುದು ಅಪ್ಪ ಅಮ್ಮನ ಸ್ವಭಾವದ ಮೇಲೂ ನಿಂತಿದೆ ಅಂತ. ಇದನ್ನು ಓದಿ ನಕ್ಕುಬಿಟ್ಟೆ. ಇದಕ್ಕೆ ಟೊರಾಂಟೊಗೆ ಯಾಕೆ ಹೋಗಬೇಕು, ನಮ್ಮ ಗೇಟಿನ ಹತ್ತಿರ ನಿಂತರೆ ಸಾಕಿತ್ತು. ಮಳೆ ಬರಲಿ, ಮನೆಗೆ ನೆಂಟರು ಬರಲಿ, ಸ್ಕೂಟಿಯಲ್ಲಿ ಮಗುವನ್ನು ಕರೆದುಕೊಂಡು ಬಂದು, ಮುಕ್ಕಾಲು ಗಂಟೆ ಹೊರಗಿನ ಜಗುಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತು, ಒಳಗಿನ ಪಾಠಕ್ಕೆ ಅಲ್ಲಿಂದಲೇ ಕಾಲಲ್ಲಿ ತಾಳ ಹಾಕುವ ಅಮ್ಮಂದಿರು ಇದ್ದಾರೆ. ಆ ಮಕ್ಕಳು ಬಿಡುವುದಿಲ್ಲ. ಗೇಟಿನಲ್ಲಿ ಇಳಿಸಿ ಫೋನಿನಲ್ಲಿ ಮಾತಾಡುತ್ತಾ ಹೋಗುವವರ ಮಕ್ಕಳು ಯುಗಾದಿಯಿಂದ ದಸರೆಯವರೆಗೆ. ದುಡ್ಡಿನ ಮಾತಂತೂ ಇದ್ದೇ ಇದೆ. ಫೀಸು, ಸ್ಕೂಟಿ, ಸಂಜೆ ಬಿಡುವಿರುವ ಅಮ್ಮ, ಓದಿದ ಮನೆ, ಇದೆಲ್ಲ ಇದ್ದ ಮಗು ಸಂಗೀತ ಕಲಿಯದಿದ್ದರೂ ಮಾರ್ಕ್ಸ್ ತೆಗೆಯುತ್ತಿತ್ತು.

ಹುಟ್ಟಿನಿಂದ ಬಂದದ್ದನ್ನೂ ಬಿಡುವ ಹಾಗಿಲ್ಲ. ಸ್ವೀಡನ್ನಿನಲ್ಲಿ ಅವಳಿಗಳನ್ನು ಇಟ್ಟುಕೊಂಡು ನೋಡಿದ್ದಾರೆ. ತದ್ರೂಪಿ ಅವಳಿಗಳಲ್ಲಿ ಒಬ್ಬರು ಜಾಸ್ತಿ ಅಭ್ಯಾಸ ಮಾಡಿದವರು, ಇನ್ನೊಬ್ಬರು ಕಡಿಮೆ ಮಾಡಿದವರು. ಜಾಸ್ತಿ ಮಾಡಿದವರ ಐಕ್ಯೂ ಜಾಸ್ತಿ ಇರಲಿಲ್ಲ.

ತಾಳ ಅಂದರೆ ಲೆಕ್ಕವೇ ಅಲ್ವಾ, ಅದರಿಂದ ಗಣಿತ ಬರಬೇಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಹೌದು, ಲೆಕ್ಕವೇ. ಅಲಂಕಾರ ಅನ್ನುವ ತಾಳದ ಪಾಠದಲ್ಲಿ ಧ್ರುವ ತಾಳಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ತ್ರಿಪುಟಕ್ಕೆ 7. ಕೈ ಒಂದು ಎಣಿಸುತ್ತಿರುತ್ತದೆ, ಬಾಯಿ ಅದರ ಎರಡರಷ್ಟು, ಆಮೇಲೆ ನಾಲ್ಕರಷ್ಟು ಓಡುತ್ತಿರುತ್ತದೆ. ಇದನ್ನು ಮಾಡುತ್ತಾ ಹೋದರೆ ಏನು ಬರುತ್ತದೆ? ತಾಳ ಬರುತ್ತದೆ. ಅಲ್ಲಿ ಕಲಿತ ಲೆಕ್ಕ ಅಲ್ಲೇ ಉಳಿಯುತ್ತದೆ, ಪಕ್ಕದ ಮನೆಗೆ ಸುಲಭವಾಗಿ ಹೋಗುವುದಿಲ್ಲ. ನಾನೇ ಸಾಕ್ಷಿ. ನಿದ್ದೆಯಲ್ಲಿ ಎಬ್ಬಿಸಿ ಖಂಡ ಜಾತಿ ಅಟ್ಟ ತಾಳ ಹಾಕು ಅಂದರೆ ಹಾಕುತ್ತೇನೆ. ದೇವರಾಜ ಮಾರ್ಕೆಟ್ಟಿನಲ್ಲಿ ಅರ್ಧ ಕೆಜಿ ಬೀನ್ಸು, ಕಾಲು ಕೆಜಿ ಮೆಣಸಿನಕಾಯಿ, ಎರಡು ಕಟ್ಟು ಸೊಪ್ಪು ಅಂದರೆ ಎಷ್ಟಾಯಿತು ಅಂತ ಅಂಗಡಿಯವನ ಮುಖವನ್ನೇ ನೋಡಬೇಕು.

ಸಂಗೀತದಿಂದ ಮೆದುಳಿನಲ್ಲಿ ಏನೂ ಆಗುವುದಿಲ್ಲ ಅಂತಲೂ ಅಲ್ಲ. ತಂತಿ ವಾದ್ಯ ನುಡಿಸುವವರ ಎಡಗೈ ಬೆರಳುಗಳಿಗೆ ಮೆದುಳಿನಲ್ಲಿ ಬೇರೆಯವರಿಗಿಂತ ಜಾಸ್ತಿ ಜಾಗ ಇರುತ್ತದೆ ಅಂತ 1995ರಲ್ಲೇ ತೋರಿಸಿದ್ದಾರೆ. ಆಗಲೇಬೇಕಲ್ಲ, ವರ್ಷಗಟ್ಟಲೆ ಆ ಬೆರಳುಗಳನ್ನೇ ತೇಯ್ದಿರುತ್ತಾರೆ. ಆದರೆ ಅದು ಬೆರಳಿನ ಜಾಗ, ಬೀಜಗಣಿತದ ಜಾಗ ಅಲ್ಲ.

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಬುದ್ಧಿ ಬೆಳೆಯುತ್ತದೆ ಅಂತಲೇ ಸೇರಿಸುತ್ತಾರಲ್ಲ, ಎಂಟನೇ ಕ್ಲಾಸು ಮುಗಿಯುತ್ತಿದ್ದ ಹಾಗೆ ಅದೇ ಅಪ್ಪ ಅಮ್ಮ ಬಂದು, "ಮಿಸ್, ಇನ್ನು ಓದು ಜಾಸ್ತಿ, ಎಸ್ಸೆಸ್ಸೆಲ್ಸಿ ಆದ ಮೇಲೆ ನೋಡೋಣ" ಅಂತಾರೆ. ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿ, ವರ್ಣಗಳನ್ನು ದಾಟಿ, ಕೀರ್ತನೆಯಲ್ಲಿ ಸ್ವಂತವಾಗಿ ನಾಲ್ಕು ಸ್ವರ ಹಾಕುವುದಕ್ಕೆ ಧೈರ್ಯ ಬರುತ್ತಿರುವ ಹೊತ್ತಿಗೆ ಸರಿಯಾಗಿ. ಸಂಗೀತದಿಂದ ಬುದ್ಧಿ ಚುರುಕಾಗುತ್ತದೆ ಅಂತ ನಿಜವಾಗಿಯೂ ನಂಬಿದ್ದರೆ ಎಸ್ಸೆಸ್ಸೆಲ್ಸಿ ವರ್ಷ ಎರಡು ಕ್ಲಾಸು ಜಾಸ್ತಿ ಹಾಕಿಸಬೇಕಿತ್ತು ತಾನೇ? ಯಾರೂ ಹಾಕಿಸುವುದಿಲ್ಲ. ಅಂದರೆ ಅವರಿಗೂ ಒಳಗೊಳಗೇ ಗೊತ್ತು. ಟಾನಿಕ್ ಅಂತ ತಂದದ್ದನ್ನು ಬೇರೆ ಒಳ್ಳೆ ಟಾನಿಕ್ ಸಿಕ್ಕಿದ ದಿನ ಬಿಡುತ್ತಾರೆ. ಟ್ಯೂಷನ್ ಅನ್ನುವ ಟಾನಿಕ್ಕಿನ ಮುಂದೆ ನಮ್ಮದು ಯಾವ ಲೆಕ್ಕ. ಹೀಗೆ ಬಿಟ್ಟ ಮಕ್ಕಳ ಹೆಸರುಗಳು ನನ್ನ ಹಾಜರಿ ಪುಸ್ತಕದಲ್ಲಿ ಪುಟಗಟ್ಟಲೆ ಇವೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಿಯುಸಿ, ಅದಾದ ಮೇಲೆ ಸಿಇಟಿ. ವಾಪಸ್ ಬಂದವರು ನಾಲ್ಕೋ ಐದೋ ಜನ.

ಸ್ವಭಾವದ ಮಾತು ಬಂತಲ್ಲ, ನಮ್ಮ ಧಾರವಾಡದ ಕಡೆಯ ಹಿಂದೂಸ್ತಾನಿ ಗಾಯಕರನ್ನು ನೆನೆಯದೆ ಇರಲಾರೆ, ನಾನು ಈ ಕಡೆಯ ಕರ್ನಾಟಕ ಸಂಗೀತದವಳಾದರೂ. ಗಂಗೂಬಾಯಿ ಹಾನಗಲ್ ಓದಿದ್ದು ಐದನೇ ಕ್ಲಾಸಿನವರೆಗೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತವರು. ಇವತ್ತು ಮೈಸೂರಿನಲ್ಲಿರುವ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಓಡಿದರು. ಒಬ್ಬರದ್ದು ಬಿಡದ ಹಟ, ಇನ್ನೊಬ್ಬರದ್ದು ತಡೆಯಲಾಗದ ಆಸೆ. ಎರಡೂ ಸಂಗೀತ ಕಲಿತ ಮೇಲೆ ಬಂದದ್ದಲ್ಲ. ಒಬ್ಬಿಬ್ಬರ ಕಥೆ ಹೇಳಿದರೆ ಪುರಾವೆ ಆಗುವುದಿಲ್ಲ ಅಂತ ಮಗಳು ಬೈಯುತ್ತಾಳೆ. ಆಗದಿದ್ದರೆ ಬೇಡ.

ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಒಂದು ಸಲ ಹೋಗಿದ್ದೆ. ಪಂಚಾಕ್ಷರಿ ಗವಾಯಿಗಳೂ, ಅವರ ನಂತರ ಬಂದ ಪುಟ್ಟರಾಜ ಗವಾಯಿಗಳೂ ಕಣ್ಣು ಕಾಣದವರು. ಕಣ್ಣಿಲ್ಲದ ಮಕ್ಕಳಿಗೆ, ಬಡ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದ ಜಾಗ ಅದು. ಅಲ್ಲಿ ಕಲಿತು ಹೋದವರು ಊರೂರಲ್ಲಿ ಹಾಡುತ್ತಾ, ಹಾರ್ಮೋನಿಯಂ ತಬಲಾ ನುಡಿಸುತ್ತಾ, ಶಾಲೆಗಳಲ್ಲಿ ಪಾಠ ಹೇಳುತ್ತಾ ಬದುಕು ಕಟ್ಟಿಕೊಂಡಿದ್ದಾರೆ. ಸಂಗೀತ ಅವರಿಗೆ ಇನ್ಯಾವುದಕ್ಕೋ ಮೆಟ್ಟಿಲಾಗಿರಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಸಂಗೀತದಿಂದ ಬುದ್ಧಿ ಅಂತ ಯಾರಾದರೂ ಬರೆದು ಕಳಿಸಿದರೆ ಎಷ್ಟು ಮಕ್ಕಳು, ಎಷ್ಟು ತಿಂಗಳು, ಯಾವ ಮಕ್ಕಳ ಜೊತೆ ಹೋಲಿಸಿದರು ಅಂತ ಒಂದು ಸಾಲು ಕೇಳಿ ಹಾಕಿಸಿ. ಸಂಗೀತ ಕಲಿಯುವವರನ್ನೂ ಕಲಿಯದವರನ್ನೂ ಸುಮ್ಮನೆ ಅಕ್ಕಪಕ್ಕ ನಿಲ್ಲಿಸಿದ್ದರೆ ಹಾಗಂತಲೇ ಬರೆಯಿರಿ.

ಆ ಏಳು ವರ್ಷದ ಹುಡುಗನನ್ನು ಬುಧವಾರ ಕರೆದುಕೊಂಡು ಬನ್ನಿ ಅಂದಿದ್ದೇನೆ. ಫೀಸು ಬೇಡ, ನಾಲ್ಕು ಕ್ಲಾಸು ಸುಮ್ನೆ ಕೂರಲಿ, ಆಮೇಲೆ ಅವನನ್ನೇ ಕೇಳೋಣ ಅಂದೆ. ಅವರ ತಂದೆ ಹೂಂ ಅಂದರು, ಅಷ್ಟೇನೂ ಒಪ್ಪಿಗೆ ಆದ ಹಾಗೆ ಕಾಣಲಿಲ್ಲ.

ರಿಷಭದ ಹುಡುಗಿ ಈ ವರ್ಷ ಎಸ್ಸೆಸ್ಸೆಲ್ಸಿ. ಅವಳ ಅಮ್ಮ ಜೂನ್ ತಿಂಗಳಲ್ಲೇ ಬಂದು ಬಿಡಿಸುವ ಮಾತಾಡಿದರು, ನಾನೂ ಸರಿ ಅಂದಿದ್ದೆ. ಅವಳು ಒಪ್ಪಲಿಲ್ಲವಂತೆ. ವಾರಕ್ಕೆ ಎರಡು ದಿನ ಇದ್ದದ್ದು ಈಗ ಬರೀ ಶನಿವಾರ. ಬೇಗಡೆ ರಾಗ ಹಿಡಿದಿದ್ದೇವೆ, ಅದರ ನಿಷಾದ, ಅಂದರೆ ನಿ ಸ್ವರ, ಕಳೆದ ಮೂರು ವಾರದಿಂದ ಅವಳ ಕೈಗೆ ಸಿಗುತ್ತಿಲ್ಲ. ಇವತ್ತು ಶನಿವಾರ. ಐದು ಗಂಟೆಗೆ ಬರುತ್ತಾಳೆ, ತಂಬೂರಿ ಶ್ರುತಿ ಮಾಡಿ ಇಡಬೇಕು.

ಇತಿ,
ಒಬ್ಬ ಸಂಗೀತದ ಮಿಸ್
ಮೈಸೂರು